ಬಚ್ಚಲುಷ್ಣ ಮೀಮಾಂಸೆ

ಪೀಠಿಕೆ: ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಕೂತ ಮೊಮ್ಮಗನ ನೆತ್ತಿಯ ಮೇಲೆ ಬೀಳುವ ನೀರಿನ ಉಷ್ಣಾಂಶ ಎಷ್ಟಿರತಕ್ಕದ್ದು? ನರಕಾಸುರ ವಧೆಯನ್ನು ಸವಿಸ್ತಾರವಾಗಿ ಬಣ್ಣಿಸಿದ ಪೂರ್ವಸೂರಿಗಳು ಹಂಡೆಯ ವಿಷಯದಲ್ಲಿ ಮೌನ ತಾಳಿದ್ದಾರೆ. ಆ ಕೊರತೆ ನೀಗಿಸಲೆಂದೇ ಈ ಕಿರುಪ್ರಬಂಧ.

ಪೂರ್ವಪಕ್ಷ: ಹಂಡೆಯ ನೀರು 70 ಡಿಗ್ರಿ, ತೊಟ್ಟಿಯದು 20, ಬೆರೆಸಿದರೆ 90 ಎಂಬುದು ಸಂಕಲನವಾದಿಗಳ ಮತ. ಹಾಗಾದರೆ 70 ಡಿಗ್ರಿಯ ಎರಡು ಚೊಂಬು ನೀರನ್ನು ಒಂದೇ ಬಕೆಟ್ಟಿಗೆ ಸುರಿದೊಡನೆ 140 ಆಗಿ, ಸೌದೆಯ ಖರ್ಚಿಲ್ಲದೆ ರೈಲು ಓಡಬೇಕಾಗಿತ್ತು. ಓಡದ ಕಾರಣ ಈ ಮತ ತ್ಯಾಜ್ಯ. ಕೂಡುವುದು ಶಾಖವೇ ಹೊರತು ಉಷ್ಣಾಂಶವಲ್ಲ.

ಸಿದ್ಧಾಂತ: ಬಿಸಿನೀರು ಕಳೆದುಕೊಂಡದ್ದೇ ತಣ್ಣೀರಿಗೆ ದಕ್ಕಿದ್ದು. 8 ಲೀಟರ್ ಬಿಸಿನೀರು 30 ಡಿಗ್ರಿ ಇಳಿದರೆ 12 ಲೀಟರ್ ತಣ್ಣೀರು 20 ಡಿಗ್ರಿ ಏರುತ್ತದೆ. 8ನ್ನು 30ರಿಂದ ಗುಣಿಸಿದರೂ 12ನ್ನು 20ರಿಂದ ಗುಣಿಸಿದರೂ 240. ಎರಡೂ 40ರಲ್ಲಿ ರಾಜಿಯಾಗುತ್ತವೆ. ಬಕೆಟ್ಟು ನಡುವೆ ಹೀರುವ ಪಾಲನ್ನು ಶಾಸ್ತ್ರಕಾರರು ಲೆಕ್ಕದ ಸೌಕರ್ಯಕ್ಕಾಗಿ ಕಂಡೂ ಕಾಣದಂತಿರುತ್ತಾರೆ.

ಉಪಶಂಕೆ: ಅಮೆರಿಕದಿಂದ ಹಬ್ಬಕ್ಕೆ ಬಂದ ಅಳಿಯಂದಿರಿಗೆ ಆ 30 ಡಿಗ್ರಿ ಇಳಿತವನ್ನು ಫ್ಯಾರನ್‌ಹೀಟಿನಲ್ಲಿ ವಿವರಿಸುವಾಗ 32 ಕೂಡಿಸಿ 86 ಎನ್ನುವವರುಂಟು. ಮಹಾಪರಾಧ! 32 ಎಂಬುದು ನೀರು ಹೆಪ್ಪುಗಟ್ಟುವ ಗುರುತು. ಕಳೆಯುವಾಗ ಎರಡೂ ಕಡೆಯಿಂದ ಉದುರಿಹೋಗುತ್ತದೆ. 9ರಿಂದ ಗುಣಿಸಿ 5ರಿಂದ ಭಾಗಿಸಿದರೆ ಮುಗಿಯಿತು: 54. ಇನ್ನು ಸೆಲ್ಸಿಯಸ್ ಮಹಾಶಯನಾದರೋ 1742ರಲ್ಲಿ ಕುದಿಯುವ ನೀರಿಗೆ 0, ಹೆಪ್ಪುಗಟ್ಟುವ ನೀರಿಗೆ 100 ಕೊಟ್ಟಿದ್ದ. ಆಮೇಲೆ ಅದನ್ನು ಯಾರೂ ತಿರುಗಿಸದೆ ಹೋಗಿದ್ದರೆ, "ಬೇಗ ಬಾರೋ, ನೀರು ಸೊನ್ನೆಗೆ ಬಂತು" ಎಂದು ಅಜ್ಜಿ ಕೂಗಬೇಕಾಗುತ್ತಿತ್ತು.

ಪ್ರಮಾಣ ವಿಚಾರ: ಹದ ಅರಿಯಲು ಪ್ರಮಾಣಗಳು ಮೂರು. ಬೆರಳದ್ದಿ ನೋಡುವುದು ಪ್ರತ್ಯಕ್ಷ. ಹಂಡೆಯ ಹಬೆ ಕಂಡು ಊಹಿಸುವುದು ಅನುಮಾನ. ಬಚ್ಚಲೊಳಗಿಂದ "ಅಜ್ಜೀ, ಸುಡ್ತದೆ!" ಎಂದು ಕೇಳಿಬರುವುದು ಶಬ್ದ. ಪ್ರತ್ಯಕ್ಷವನ್ನೂ ನೆಚ್ಚುವಂತಿಲ್ಲ. ಒಂದು ಕೈಯನ್ನು ಬಿಸಿನೀರಿನಲ್ಲೂ ಇನ್ನೊಂದನ್ನು ತಣ್ಣೀರಿನಲ್ಲೂ ಇಟ್ಟಿದ್ದು, ಆಮೇಲೆ ಎರಡನ್ನೂ ಹದನೀರಿಗೆ ಇಳಿಸಿದರೆ, ಅದೇ ನೀರು ಒಂದಕ್ಕೆ ತಣ್ಣಗೆ, ಇನ್ನೊಂದಕ್ಕೆ ಬೆಚ್ಚಗೆ. 17ನೇ ಶತಮಾನದಲ್ಲೇ ಜಾನ್ ಲಾಕ್ ಇದನ್ನು ಬರೆದಿಟ್ಟ. ಒಲೆಯ ಮುಂದೆ ಕೂತೆದ್ದ ಅಜ್ಜಿಯ ಕೈಗೂ ಚಳಿಗೆ ನಡುಗುವ ಮೊಮ್ಮಗನ ಬೆನ್ನಿಗೂ ವರ್ಷವರ್ಷ ನಡೆಯುವ ವ್ಯಾಜ್ಯದ ಮೂಲ ಇದೇ.

ನಿರ್ಣಯ: ಗಣಿತಕ್ಕೂ ಬೆನ್ನಿಗೂ ವಿರೋಧ ಬಂದಲ್ಲಿ, ಚೊಂಬು ಹಿಡಿದವರ ಮತವೇ ಬಲವತ್ತರ. ಮೇಲ್ಮನವಿಗೆಂದು ಬಾಯಿ ತೆರೆದವರಿಗೆ ಸೀಗೆಪುಡಿಯ ರುಚಿ ನಿಶ್ಚಿತ.