ಕೆಮಿಸ್ಟ್ರಿ ಅಣ್ಣ

ಸೋಮವಾರ ಬೆಳಗ್ಗೆ ಪಾವಗಡದಿಂದ ತುಮಕೂರಿಗೆ ಹೊರಡುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಒಂದು ಸೀಟಿನ ಮೇಲೆ ಟವೆಲ್ ಬಿದ್ದಿರುತ್ತದೆ. ಕೂರಲು ಹೋದರೆ ಪಕ್ಕದ ಹುಡುಗ, “ಜನ ಬರ್ತಾರೆ ಸಾರ್” ಅನ್ನುತ್ತಾನೆ. ಆ ಜನ ಹತ್ತುವುದು ಮಧುಗಿರಿಯಲ್ಲಿ. ಊರಿನ ಬೆಟ್ಟದ ಹಾಗೆ ಆಸಾಮಿಯೂ ಏಕಶಿಲೆ. ಇಂಜಿನಿಯರಿಂಗಿನ ಎರಡನೇ ವರ್ಷ ಮುಗಿಯುತ್ತ ಬಂದರೂ ಮೊದಲ ವರ್ಷದ ಕೆಮಿಸ್ಟ್ರಿಗೆ ಅವನನ್ನು ಅಲುಗಾಡಿಸಲು ಆಗಿಲ್ಲ. ಎರಡು ಸಲ ಬರೆದಿದ್ದಾನೆ, ಬ್ಯಾಕು ಹಾಗೇ ಇದೆ. ಆ ಅನುಭವದ ಮೇಲೆಯೇ ಅವನು ಜೂನಿಯರ್‌ಗಳಿಗೆಲ್ಲ ‘ಕೆಮಿಸ್ಟ್ರಿ ಅಣ್ಣ’.

“ಐದು ಮಾಡ್ಯೂಲು ಮಗಾ. ಒಂದೊಂದರಲ್ಲಿ ಒಂದು ಬರೆದ್ರೆ ಇಪ್ಪತ್ತು ಮಾರ್ಕ್ಸು. ಐದೂ ಓದೋನು ದಡ್ಡ. ತುಕ್ಕು ಬರುತ್ತೆ, ಬ್ಯಾಟರಿ ಬರುತ್ತೆ, ನರ್ನ್‌ಸ್ಟ್ ಬಂದೇ ಬರ್ತಾನೆ.” 1920ರ ನೊಬೆಲ್ ಪಡೆದ ಆ ಜರ್ಮನಿಯವನು ಅಣ್ಣನ ಬಾಯಲ್ಲಿ ಪಕ್ಕದೂರಿನ ಬೀಗರ ಹಾಗೆ, ಯುಗಾದಿಗೆ ಬರದಿದ್ದರೂ ಪರೀಕ್ಷೆಗೆ ತಪ್ಪಿಸುವುದಿಲ್ಲ. ಕೊರಟಗೆರೆಯಲ್ಲಿ ಹತ್ತಿದವರಿಗೆ ಸೀಟಿಲ್ಲ, ಕಂಬಿ ಹಿಡಿದು ನಿಂತೇ ಪಾಸಿಂಗ್ ಪ್ಯಾಕೇಜ್ ಕೇಳಬೇಕು. ಶಿರಾದವರು ಹೆದ್ದಾರಿ ಕಡೆಯಿಂದ ಬರುವುದರಿಂದ ಈ ಗುರುಕುಲದ ಲಾಭವಿಲ್ಲ, ಅವರಿಗೆ ವಾಟ್ಸಾಪ್.

ಹಿಂದಿನ ಸೀಟಿನಲ್ಲಿ ಕೂತು ಇದನ್ನೆಲ್ಲ ಕೇಳುವ ನಾನು ಅವನ ಕೆಮಿಸ್ಟ್ರಿ ಮೇಷ್ಟ್ರು. ಅವನಿಗೆ ಗುರುತು ಹತ್ತಿಲ್ಲ. ಇಡೀ ಸೆಮಿಸ್ಟರು ನನ್ನೆದುರೇ ಕೂತವನು, ನಿಜ. ತಲೆ ಎತ್ತಿದ್ದರೆ ತಾನೇ.

ಅಣ್ಣನ ಕೈಚಳಕ ಕಾಣಬೇಕಾದರೆ ಲ್ಯಾಬಿಗೆ ಬರಬೇಕು. ನೀರಿನ ಗಡಸುತನ ಅಳೆಯುವ ಪ್ರಯೋಗ. 25 ಮಿಲಿ ನೀರಿಗೆ ಅಮೋನಿಯಾ ಬಫರ್, ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್-ಟಿ ಹಾಕಿದರೆ ಕೆಂಪು ದ್ರಾಕ್ಷಿರಸದ ಬಣ್ಣ. ಬ್ಯುರೆಟ್ಟಿನಿಂದ ಇಡಿಟಿಎ ಹನಿ ಹನಿ ಬಿಡುತ್ತ ಹೋದರೆ ಯಾವುದೋ ಒಂದು ಹನಿಗೆ ಎಲ್ಲ ನೀಲಿ. ದ್ರಾವಣ 0.01 ಮೋಲಾರ್ ಆಗಿದ್ದರೆ ಇಳಿದ ಒಂದೊಂದು ಮಿಲಿಗೂ ಲೀಟರಿಗೆ 40 ಮಿಲಿಗ್ರಾಂ ಲೆಕ್ಕ. ಅಣ್ಣನ ಪ್ರಕಾರ ಇದೆಲ್ಲ ಬೇಕಿಲ್ಲ: “ಉತ್ತರ 12.5. ಸೀನಿಯರ್ಸ್ ಕಾಲದಿಂದ ಅದೇ.” ಒಂದು ಸಲ ರೇಗಿ, ಸ್ಯಾಂಪಲ್ ಬಾಟಲಿಗೆ ಡಿಸ್ಟಿಲ್ಡ್ ವಾಟರ್ ತುಂಬಿಟ್ಟೆ. ಗಡಸೇ ಇಲ್ಲದ ನೀರು, ಒಂದು ಹನಿಯೂ ಬೀಳುವ ಮೊದಲೇ ನೀಲಿ ಇರಬೇಕು. ಅವತ್ತೂ ಇಡೀ ಬ್ಯಾಚಿಗೆ 12.5 ಬಂತು.

ಟವೆಲ್ ಹಾಕುವ ಪಾವಗಡದ ಹುಡುಗ ಮನೆಯ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತಂದಿದ್ದ. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ ಎಂದು ಅಮ್ಮನ ಗೋಳು. “ಹಲ್ಲು ಹಳದಿ ಆಗೋದೂ ಗಡಸಿಗೇ ಕಣೋ” ಎಂದು ಅಣ್ಣ ಬಸ್ಸಿನಲ್ಲೇ ತೀರ್ಪು ಕೊಟ್ಟಿದ್ದ. (ಅಲ್ಲ. ಅದು ಫ್ಲೋರೈಡು, ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಇಡಿಟಿಎ ಅದನ್ನು ಹಿಡಿಯುವುದಿಲ್ಲ.) ಹುಡುಗ ಫ್ಲಾಸ್ಕ್ ಅಲುಗಿಸುತ್ತ ಹನಿ ಬಿಟ್ಟ. 12.5 ದಾಟಿತು, ಕೆಂಪೇ. ಹದಿನೈದು, ಹದಿನೆಂಟು. 21.3ಕ್ಕೆ ನೀಲಿ. ಅಂದರೆ 852, ಗತಿಯಿಲ್ಲದಿದ್ದರೂ 600 ದಾಟಬಾರದ ಕಡೆ. ಹುಡುಗ ಬೆವರೊರೆಸಿಕೊಂಡು, “ಸಾರ್, ತಪ್ಪು ಬಂತು” ಅಂದ. ನಾನು ಆಚೆ ಹೋಗಿ ಬರುವಷ್ಟರಲ್ಲಿ 21.3 ಹೊಡೆದು 12.5 ಬರೆದಿದ್ದ.

ಆ ಹೊಡೆದುಹಾಕಿದ ಅಂಕಿಗೇ ನಾನು ಪೂರ್ತಿ ಮಾರ್ಕ್ಸು ಕೊಟ್ಟೆ.

ಮುಂದಿನ ಸೋಮವಾರ ಮಧುಗಿರಿಯಲ್ಲಿ ಹತ್ತಿದ ಅಣ್ಣ ಟವೆಲ್ ಎತ್ತಿ ಕೂತು, ಹುಡುಗನ ಬೆನ್ನು ತಟ್ಟಿದ: “ನೋಡ್ದಾ? ನಾನ್ ಹೇಳಲಿಲ್ವಾ 12.5 ಅಂತ.”