ಜೋಲಿಯ ವಾನಪ್ರಸ್ಥ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹುಟ್ಟಿ, ಕೊಬ್ಬರಿಯ ದುಡ್ಡಿನಿಂದ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಗಾಜಿನ ಕಟ್ಟಡವೊಂದರಲ್ಲಿ ಉದ್ಯೋಗಸ್ಥನಾಗಿ, ಗೃಹಸ್ಥಾಶ್ರಮವಿನ್ನೂ ರುಚಿ ಹತ್ತುವ ಮೊದಲೇ ವಾನಪ್ರಸ್ಥದ ಕಡೆಗೆ ಚಿತ್ತ ತಿರುಗಿಸಿದ ಮಹಾಶಯನೊಬ್ಬ ಈಗ ನಮ್ಮಲ್ಲಿ ಬಹುತೇಕ ಎಲ್ಲ ಮನೆತನಗಳಲ್ಲಿಯೂ ಉಂಟು. ಈ ವಾನಪ್ರಸ್ಥಕ್ಕೆ ಮೇಲಧಿಕಾರಿಯ ಅಪ್ಪಣೆ ಬೇಕಾದ ಕಾರಣ ಅದು ಶುಕ್ರವಾರ ಸಂಜೆ ಆರಂಭಗೊಂಡು ಭಾನುವಾರದ ಮಧ್ಯಾಹ್ನದ ಊಟದ ಹೊತ್ತಿಗೆ ಸಮಾಪ್ತಿ ಹೊಂದುತ್ತದೆ. ಋತು ಮಾತ್ರ ನಿಶ್ಚಿತ: ಧನುರ್ಮಾಸದ ಚಳಿ. ಬೇಸಗೆಯಲ್ಲಿ ಕಾಡಿಗೆ ಹೋಗುವುದು ಅವನ ದೃಷ್ಟಿಯಲ್ಲಿ ಪಾಮರರ ವಿಹಾರ. ಮಾಗಿಯಲ್ಲಿ, ಅದರಲ್ಲಿಯೂ ಏಕಾಂಗಿಯಾಗಿ ಹೋಗುವುದೇ ಸಾಧನೆ. ಏಕಾಂಗಿಯಾಗಿ ಹೋಗುತ್ತಿರುವ ವಿಷಯವನ್ನು ಅವನು ಒಂದು ತಿಂಗಳ ಮೊದಲೇ ಸಕಲ ಬಂಧುಗಳಿಗೂ ತಿಳಿಸಿರುತ್ತಾನೆ.

ಅವನ ಬೆನ್ನಿನ ಚೀಲಕ್ಕೆ ಹಗುರವೇ ಹಿರಿಮೆಯೆಂಬುದು ಅವನ ವಾದ. ಕಾರಿನಿಂದ ಅದನ್ನು ಇಳಿಸುವುದಕ್ಕೆ ಮಾತ್ರ ಸೋದರಮಾವನೂ ಕೈಹಚ್ಚಬೇಕಾಗುತ್ತದೆ. ಹಣೆಗೆ ಕಟ್ಟುವ ದೀಪ, ಅಂಗೈಯಗಲದ ಒಲೆ, ಹಿಮಾಲಯದ ಚಳಿಗೆಂದು ಹೊಲಿದ ಮಲಗುವ ಚೀಲ ಇತ್ಯಾದಿ ಸಂಭಾರಗಳ ನಡುವೆ ಮೂಲದೇವರ ಸ್ಥಾನ ತೆಳ್ಳನೆಯ ನೈಲಾನ್ ಜೋಲಿಗೆ. 1492ರಲ್ಲಿ ಕೊಲಂಬಸನು ಬಹಾಮಾ ದ್ವೀಪಗಳಲ್ಲಿ ಮೊತ್ತಮೊದಲು ಕಂಡು ಬೆರಗಾದ ಶಯ್ಯೆ ಇದೇ ಎಂದು ಅವನು ವಿವರಿಸುತ್ತಾನೆ. ಮನೆಯ ಜಂತೆಗೆ ಹಳೆಯ ಸೀರೆ ಕಟ್ಟಿ ಏಳು ಮಕ್ಕಳನ್ನು ತೂಗಿದ ಅಜ್ಜಿ ಕೊಲಂಬಸನ ಬೆರಗಿಗೇ ಬೆರಗಾಗುತ್ತಾಳೆ.

ಮೊದಲ ಸಂಕಲ್ಪ ಮದಲಿಂಗನ ಕಣಿವೆ. ಬೆಟ್ಟವನ್ನು ಹಿಮ್ಮುಖವಾಗಿ ಇಳಿಯಲು ಹೋಗಿ ಮದುವಣಿಗನೊಬ್ಬ ಪ್ರಾಣ ನೀಗಿದನೆಂಬ ಐತಿಹ್ಯವಿರುವ ಆ ಸ್ಥಳದಲ್ಲಿ ಚಿರತೆ ಕರಡಿಗಳಿಗೂ ಕೊರತೆಯಿಲ್ಲ. ಆದರೆ ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯಿದೆ ಅನ್ವಯಿಸುವುದರಿಂದ, ಅನುಮತಿಪತ್ರವಿಲ್ಲದೆ ರಾತ್ರಿ ತಂಗಲು ಬಂದವನನ್ನು ಅರಣ್ಯ ರಕ್ಷಕನು ವಿನಯದಿಂದಲೇ ಹಿಂದಕ್ಕೆ ಕಳುಹಿಸುತ್ತಾನೆ. ಚಿರತೆಗೆ ಅಂಜದವನು ಕಾಗದಕ್ಕೆ ಅಂಜಿ, ಬೆಟ್ಟದ ತಪ್ಪಲಿನಲ್ಲಿರುವ ಸೋದರಮಾವನ ತೋಟವನ್ನೇ ಮಹಾರಣ್ಯವೆಂದು ಭಾವಿಸಿಕೊಳ್ಳುತ್ತಾನೆ.

ತೊಡಕು ಹುಟ್ಟುವುದು ಇಲ್ಲಿ. ಬೇರಿಗೆ ಬೇರು, ಗರಿಗೆ ಗರಿ ತಾಕಬಾರದೆಂದು ನಮ್ಮವರು ತೆಂಗಿನ ಸಸಿಯನ್ನು ಸುಮಾರು 30 ಅಡಿಗೊಂದರಂತೆ ನೆಡುತ್ತಾರೆ. ಜೋಲಿಯಾದರೋ 12ರಿಂದ 15 ಅಡಿಯ ಅಂತರವನ್ನು ಬಯಸತಕ್ಕದ್ದು. ಹಗ್ಗಕ್ಕೆ ಹಗ್ಗ ಗಂಟು ಹಾಕಿ ಉದ್ದ ಮಾಡಬಹುದು. ಆದರೆ ಹಗ್ಗವು ಸುಮಾರು 30 ಡಿಗ್ರಿಯ ಓರೆಯಲ್ಲಿ ಇಳಿದರೆ ಮಾತ್ರ ಬೆನ್ನಿಗೆ ಸುಖವಾದ್ದರಿಂದ, ಅಂತರ ಹೆಚ್ಚಿದಷ್ಟೂ ಕಟ್ಟುವ ಜಾಗ ಮೇಲೇರಬೇಕಾಗಿ, ಲೆಕ್ಕವು ಆಳಿನ ಎತ್ತರವನ್ನು ದಾಟಿ ಒಂಬತ್ತು ಹತ್ತು ಅಡಿಗೆ ಹೋಗಿ ನಿಲ್ಲುತ್ತದೆ. ಮರ ಹತ್ತುವವನಿಗೆ ಹೇಳಿಕಳುಹಿಸದೆ ವಿಧಿಯಿಲ್ಲ. ಅವನು ಬಂದು, ತಲೆಯೆತ್ತಿ ಗೊನೆಗಳನ್ನು ನೋಡಿ, “ಬಲಿತ ಕಾಯಿ ಕೆಡವದೆ ಕೆಳಗೆ ಮನಿಕ್ಕಂಡ್ರೆ ತಲೆ ಉಳಿಯಲ್ಲ ಸ್ವಾಮಿ” ಎಂದು ಎರಡೂ ಮರಗಳ ತುದಿ ಮುಟ್ಟಿ ಬರುತ್ತಾನೆ. ಕಾಯಿ ಬೀಳುವ ಸದ್ದಿಗೆ ಸುತ್ತಣ ತೋಟದವರು ಬಂದು ಸೇರುತ್ತಾರೆ. ಹುಡುಗರು ಜೋಲಿಯಲ್ಲಿ ಸರದಿಯ ಮೇಲೆ ತೂಗಿಕೊಳ್ಳುತ್ತಾರೆ. ನೆರೆಯ ಮುದುಕಿ ಅವನನ್ನು ಪಕ್ಕಕ್ಕೆ ಕರೆದು, “ಯಾಕ್ಲಾ ಮಗ, ಹೆಂಡ್ತಿ ಜೊತೆ ಜಗಳ ಮಾಡ್ಕಂಡ್ ಬಂದ್ಯಾ?” ಎಂದು ಮೆಲ್ಲನೆ ವಿಚಾರಿಸುತ್ತಾಳೆ. ನಮ್ಮ ಸೀಮೆಯಲ್ಲಿ ಗಂಡಸು ಮನೆಯ ಹೊರಗೆ ಒಬ್ಬನೇ ಮಲಗುವುದಕ್ಕೆ ಇದಕ್ಕಿಂತ ಗಣ್ಯವಾದ ಕಾರಣವನ್ನು ಯಾರೂ ಕೇಳಿಲ್ಲ. ಸೋದರಮಾವ ಮಾತ್ರ ವ್ಯವಹಾರಜ್ಞ: “ಒಬ್ನೇ ಇರ್ಬೇಕು ಅಂದ್ರೆ ಅಟ್ಟ ಹತ್ತಪ್ಪ. ಕೊಬ್ಬರಿಗೆ ಹಾಕಿರೋ ಕಾಯಿ ಹತ್ತು ತಿಂಗಳಿಂದ ಮಾತಿಲ್ದೆ ಕೂತವೆ, ನಿನ್ನ ಒಂದು ಮಾತೂ ಕೇಳಲ್ಲ.”

ರಾತ್ರಿ ಹತ್ತಕ್ಕೆ ಏಕಾಂತ ಪ್ರಾಪ್ತವಾಗುತ್ತದೆ, ಅದರ ಜೊತೆಗೇ ಚಳಿ. ಮೈಭಾರಕ್ಕೆ ಮಲಗುವ ಚೀಲದ ಹತ್ತಿಯಂಥ ತುಂಬು ಅಡಿಭಾಗದಲ್ಲಿ ಒತ್ತಿ ಚಪ್ಪಟೆಯಾಗಿ, ಬಿಸುಪನ್ನು ಹಿಡಿದಿಡುವ ಗಾಳಿ ಅದರಲ್ಲಿ ನಿಲ್ಲದೆ, ತೋಟದ ಕುಳಿರ್ಗಾಳಿ ನೇರವಾಗಿ ಬೆನ್ನಿಗೆ ತಾಗುತ್ತದೆ. ಇದನ್ನು ಬಲ್ಲ ಅನುಭವಿಗಳು ಜೋಲಿಯ ಕೆಳಗೂ ಒಂದು ರಜಾಯಿ ತೂಗುಹಾಕುತ್ತಾರೆ. ಚೀಲ ಹಗುರವಾಗಲೆಂದು ಇವನು ಬಿಟ್ಟುಬಂದ ಒಂದೇ ವಸ್ತು ಅದು. ಆಚೆಯ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿಕೊಂಡು, ಚಳಿಗಾಲವಿಡೀ ಬಯಲಿನಲ್ಲಿಯೇ ಮಲಗುವ, ಆ ಸಂಗತಿಯನ್ನು ಇದುವರೆಗೆ ಯಾರಿಗೂ ಹೇಳಬೇಕೆಂದು ತೋರದ ಕುರಿಗಾಹಿಯೊಬ್ಬನಿದ್ದಾನೆ. ನಡುರಾತ್ರಿಯಲ್ಲಿ ಅತ್ತಿತ್ತ ಓಲಾಡುವ ಹಣೆದೀಪವನ್ನು ಕಂಡು ಎದ್ದುಬಂದ ಅವನು ತನ್ನ ಹೆಚ್ಚಿನ ಕಂಬಳಿಯೊಂದನ್ನು ಜೋಲಿಯೊಳಕ್ಕೆ ಹಾಸಿಕೊಟ್ಟು ಹೋಗುತ್ತಾನೆ. ಉಣ್ಣೆಯ ಘಾಟು, ಕುರಿಯ ವಾಸನೆ, ಒಂದೆರಡು ಉಣ್ಣೆ ಹುಳು. ಆದರೂ ನಮ್ಮ ವಾನಪ್ರಸ್ಥ ಗೊರಕೆ ಹೊಡೆಯುತ್ತಾನೆ.

ಬೆಳಗ್ಗೆ ಕಟ್ಟು ಬಿಚ್ಚಲು ಬಂದ ಮರ ಹತ್ತುವವನು ಲೆಕ್ಕ ಒಪ್ಪಿಸುತ್ತಾನೆ: ನಿನ್ನೆ ಹತ್ತಿದ್ದು ಎರಡು ಮರ, ಇವತ್ತು ಬಿಚ್ಚೋಕೆ ಹತ್ತಿದ್ದು ಎರಡು, ಒಟ್ಟು ನಾಲ್ಕು ಮರದ ಕೂಲಿ. ಬಿಚ್ಚುವುದಕ್ಕೆ ತುದಿಯವರೆಗೆ ಹತ್ತಲಿಲ್ಲವಲ್ಲ ಎಂದು ಏಕಾಂಗಿ ತರ್ಕ ಹೂಡಿದರೆ, ಅವನು ಹಗ್ಗವನ್ನು ಸುತ್ತಿ ಕೈಗೆ ಕೊಡುತ್ತ, “ನೀವು ಮನಿಕ್ಕಂಡಿದ್ದಕ್ಕೆ ಏನೂ ಹಾಕಿಲ್ಲ ಬಿಡಿ ಸ್ವಾಮಿ” ಎನ್ನುತ್ತಾನೆ.