‘ವಯಸ್ಸಾಯ್ತಲ್ಲ’ ಚಿಕಿತ್ಸಾ ಪದ್ಧತಿಯ ಮಹಿಮೆ

ಆಯುರ್ವೇದ, ಯುನಾನಿ, ಹೋಮಿಯೋಪಥಿ, ಅಲೋಪಥಿ ಎಂದು ಬೆರಳು ಮಡಚಿ ಎಣಿಸುವವರು, ಮನೆಮನೆಯಲ್ಲೂ ಹಗಲಿರುಳು ಸೇವೆಗೈಯುತ್ತಿರುವ ಇನ್ನೊಂದು ವೈದ್ಯಪದ್ಧತಿಯನ್ನು ಮರೆತೇಬಿಡುತ್ತಾರೆ. ಇದಕ್ಕೆ ಕಾಲೇಜಿಲ್ಲ, ನೀಟ್ ಇಲ್ಲ, ಟೋಕನ್ ಹಿಡಿದು ಕಾಯುವ ರಗಳೆಯಿಲ್ಲ. ನಲವತ್ತು ದಾಟಿದ ಹೆಂಗಸು ‘ಯಾಕೋ ತುಂಬಾ ಸುಸ್ತು ಕಣ್ರೀ’ ಎಂದು ಹೇಳಿ ಮುಗಿಸುವುದರೊಳಗೆ ರೋಗನಿದಾನ, ಔಷಧ, ಪಥ್ಯ ಮೂರನ್ನೂ ಒಂದೇ ಮಾತಿನಲ್ಲಿ ಕೊಟ್ಟು ಕಳಿಸುವ ಈ ಪದ್ಧತಿಯ ಹೆಸರು ‘ವಯಸ್ಸಾಯ್ತಲ್ಲ’. ಇಂಥದ್ದಕ್ಕೆ ಇದುವರೆಗೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿಯೂ ಸಂದಿಲ್ಲ. ಆ ಕೊರತೆ ನೀಗಲೆಂದೇ ಈ ಬಿನ್ನವತ್ತಳೆ.

ಪದ್ಧತಿಯ ವೈದ್ಯರು ಮನೆಯಲ್ಲೇ ಲಭ್ಯ. ಗಂಡ ಜನರಲ್ ಫಿಸಿಷಿಯನ್. ಪೇಪರಿನಿಂದ ತಲೆ ಎತ್ತದೆಯೇ ‘ಇನ್ನೇನು ಇಪ್ಪತ್ತರ ಹುಡುಗಿಯೇನೇ ನೀನು?’ ಎಂದು ನಾಡಿ ನೋಡಿ ಮುಗಿಸುತ್ತಾನೆ. ಅತ್ತೆ ತಜ್ಞವೈದ್ಯೆ: ‘ನಾವು ಆರು ಹೆತ್ತು, ಬಾವಿ ನೀರು ಸೇದಿ, ಒರಳಲ್ಲಿ ರುಬ್ಬಿದೋರು. ನಮ್ಮ ಕಾಲದಲ್ಲಿ ಈ ಹಾರ್ಮೋನು ಗೀರ್ಮೋನು ಎಲ್ಲಾ ಇರಲೇ ಇಲ್ಲಮ್ಮ.’ ಕಾಲೇಜಿಗೆ ಹೋಗುವ ಮಗಳು ಹೌಸ್ ಸರ್ಜನ್. ‘ಅಮ್ಮಾ, ಸ್ವಲ್ಪ ವಾಕಿಂಗ್ ಮಾಡು’ ಎಂದು ಸಲಹೆ ಕೊಟ್ಟು, ತಿಂದ ತಟ್ಟೆಯನ್ನು ಅಲ್ಲೇ ಬಿಟ್ಟು ರೌಂಡ್ಸ್ ಮುಗಿಸುತ್ತಾಳೆ. ಫೀಸನ್ನು ಯಾರೂ ಕೇಳುವುದಿಲ್ಲ. ಒಂದು ಲೋಟ ಕಾಫಿ ಕೇಳುತ್ತಾರೆ, ಅಷ್ಟೆ. ಅದನ್ನು ರೋಗಿಯೇ ಎದ್ದು ಮಾಡಿಕೊಡಬೇಕು.

ರಾತ್ರಿ ಪಾಳಿಯ ಸೇವೆಯೂ ಉಂಟು. ಎರಡು ಗಂಟೆಯ ಹೊತ್ತಿಗೆ ಆಕೆಗೆ ಎದೆಯಿಂದ ಬಿಸಿ ಎದ್ದು ಕುತ್ತಿಗೆಗೆ, ಮುಖಕ್ಕೆ ಏರುತ್ತದೆ. ರವಿಕೆ ಬೆನ್ನಿಗೆ ಅಂಟಿರುತ್ತದೆ. ಹೊದಿಕೆ ಒದ್ದು ಎದ್ದು ಫ್ಯಾನನ್ನು ಐದಕ್ಕೆ ತಿರುಗಿಸುತ್ತಾಳೆ. ಪಕ್ಕದಲ್ಲಿ ಮಲಗಿದ್ದ ವೈದ್ಯರು ‘ಚಳಿ ಕಣೇ’ ಎಂದು ಗೊಣಗಿ ಎರಡಕ್ಕೆ ಇಳಿಸಿ, ಆಕೆ ಒದ್ದ ಹೊದಿಕೆಯನ್ನೂ ತಾವೇ ಹೊದ್ದು ಗೊರಕೆಗೆ ಮರಳುತ್ತಾರೆ. ಅಂಡಾಶಯದ ಈಸ್ಟ್ರೊಜೆನ್ ಏರಿಳಿದಾಗ ಮಿದುಳಿನ ಉಷ್ಣ ನಿಯಂತ್ರಣವೇ ತಪ್ಪಿ ಹೀಗೆ ಬೆವರಿಸುತ್ತದೆ, ನಿದ್ದೆ ಮುರಿಯುತ್ತದೆ, ಮರುದಿನದ ಸುಸ್ತಿಗೆ ಅರ್ಧ ಕಾರಣ ಅಲ್ಲೇ ಇದೆ ಎಂದು ಪುಸ್ತಕದ ಡಾಕ್ಟರುಗಳು ಹೇಳುತ್ತಾರೆ. ಭಾರತದ ಹೆಂಗಸರಿಗೆ ಸರಾಸರಿ 46–47ರ ಸುಮಾರಿಗೆ ಮುಟ್ಟು ನಿಲ್ಲುತ್ತದಂತೆ, ಈ ಏರಿಳಿತ ಅದಕ್ಕೂ ಕೆಲವು ವರ್ಷ ಮೊದಲೇ ಶುರುವಾಗುತ್ತದಂತೆ. ಎಷ್ಟೊಂದು ವಿವರ! ನಮ್ಮ ಪದ್ಧತಿಯಲ್ಲಿ ಮೂವತ್ತೆಂಟಕ್ಕೂ ಐವತ್ತೆಂಟಕ್ಕೂ ಒಂದೇ ಉತ್ತರ.

ಈ ಪದ್ಧತಿ ಕಾಲಿಡದ ಕಡೆ ಏನೇನು ಅನಾಹುತವಾಗುತ್ತದೆ ಎಂಬುದಕ್ಕೆ 1891ರ ಇಂಗ್ಲೆಂಡ್ ಸಾಕ್ಷಿ. ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ ಎಂಬ ಯುವ ವೈದ್ಯನ ಬಳಿ 46ರ ಹೆಂಗಸೊಬ್ಬಳು ಬಂದಳು. ಮೈಯೆಲ್ಲ ಜಡ, ಚಳಿ ತಡೆಯಲಾಗದು, ನಾಲ್ಕು ಜನರ ಮುಖ ನೋಡುವುದಕ್ಕೂ ಬೇಸರ. ‘ವಯಸ್ಸಾಯ್ತಲ್ಲ ತಾಯಿ’ ಎಂದು ಕಳಿಸುವುದು ಬಿಟ್ಟು ಆತ ಕುರಿಯ ಥೈರಾಯ್ಡ್ ಗ್ರಂಥಿಯ ಸಾರ ತೆಗೆದು ಚುಚ್ಚಿದ. ಆಕೆ ಕೆಲವೇ ತಿಂಗಳಲ್ಲಿ ಚೇತರಿಸಿಕೊಂಡಳು. ಆಮೇಲೆ ಸುಮಾರು 28 ವರ್ಷ ಬದುಕಿ 1919ರಲ್ಲಿ, 74ನೇ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಆಕೆಯೊಬ್ಬಳಿಗಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಖರ್ಚಾಗಿತ್ತು. ಅಹಿಂಸೆಯ ನಾಡಾದ ನಮ್ಮಲ್ಲಾಗಿದ್ದರೆ ಒಂದು ಕುರಿಯ ಕೂದಲೂ ಕೊಂಕುತ್ತಿರಲಿಲ್ಲ.

ಈಗ ಕುರಿ ಬೇಕಿಲ್ಲ, ಲೆವೊಥೈರಾಕ್ಸಿನ್ ಎಂಬ ಸಣ್ಣ ಮಾತ್ರೆ ಸಾಕು, ಅದು ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ ಎಂದು ಕೆಲವರು ವಾದಿಸಬಹುದು. ಬೆಂಗಳೂರೂ ಸೇರಿ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ ಸುಮಾರು 11 ವಯಸ್ಕರಿಗೆ ಥೈರಾಯ್ಡ್ ಕೊರತೆ ಕಂಡಿತ್ತು, ಅದರಲ್ಲೂ ಹೆಂಗಸರೇ ಹೆಚ್ಚು ಎಂದು ಅಂಕಿ ಅಂಶವನ್ನೂ ಮುಂದಿಡಬಹುದು. ಅವರಿಗೆ ನಮ್ಮ ಅಡುಗೆಮನೆಯ ಪರಿಚಯವಿಲ್ಲ. ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ ಮುಟ್ಟಬಾರದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಬೆಳಿಗ್ಗೆ ಐದೂವರೆಗೆ ಎದ್ದು ಡಿಕಾಕ್ಷನ್ ಇಳಿಸಿ, ಹಾಲು ಉಕ್ಕದಂತೆ ಕಾದು, ಮೂವರಿಗೆ ಮೂರು ಹದದ ಕಾಫಿ ಬೆರೆಸುವವಳು ಈ ಗಂಟೆಗಳನ್ನು ಎಲ್ಲಿಂದ ತರಬೇಕು? ಎಲ್ಲ ಮಾತ್ರೆಯನ್ನೂ ಕೂಡಿಸಿ ಕಾಫಿಯ ಜೊತೆಗೇ ನುಂಗುತ್ತಾಳೆ. ಮಾತ್ರೆ ಮೈಗೆ ಹತ್ತುವುದಿಲ್ಲ. ‘ನೋಡಿದ್ಯಾ, ಇಂಗ್ಲಿಷ್ ಔಷಧಿಯಿಂದಲೂ ಆಗಲಿಲ್ಲ’ ಎಂದು ನಮ್ಮ ಪದ್ಧತಿಗೆ ಇನ್ನೊಂದು ಗೆಲುವು.

ರಕ್ತದ ವಿಷಯದಲ್ಲೂ ಪದ್ಧತಿಯ ದೃಷ್ಟಿ ಉದಾರ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಕೆಲವರಿಗೆ ಅಂಡೋತ್ಪತ್ತಿ ತಪ್ಪಿ, ಪ್ರೊಜೆಸ್ಟರೋನ್ ಕಡಿಮೆಯಾಗಿ ಸ್ರಾವ ವಿಪರೀತವಾಗುತ್ತದೆ. ದೇಹದ ಕಬ್ಬಿಣವೆಲ್ಲ ಹರಿದುಹೋಗಿ, ಎರಡು ಮಹಡಿ ಹತ್ತುವುದರೊಳಗೆ ಉಸಿರು ಕಟ್ಟುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಅರ್ಧ ರಾಜ್ಯಕ್ಕೇ ಇರುವುದನ್ನು ಕಾಯಿಲೆ ಎಂದು ಕರೆದರೆ ಸಮಾಜದ ಶಾಂತಿ ಕದಡುವುದಿಲ್ಲವೇ? ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಡಾಕ್ಟರುಗಳು ಗಾಬರಿಬಿದ್ದು ಗರ್ಭಕೋಶದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಕೂಡಲೇ ಪರೀಕ್ಷೆಗೆ ಕಳಿಸುತ್ತಾರೆ. ನಮ್ಮ ಪದ್ಧತಿ ಆಗಲೂ ಧೃತಿಗೆಡುವುದಿಲ್ಲ.

ಕಾಲಕ್ಕೆ ತಕ್ಕಂತೆ ಪದ್ಧತಿಗೆ ಈಚೆಗೆ ಒಂದು ಹೈಟೆಕ್ ಶಾಖೆಯೂ ಸೇರಿದೆ. ಅದರ ಹೆಸರು ‘ಹಾರ್ಮೋನ್ ಬ್ಯಾಲೆನ್ಸ್’. ಮನೆಯವರು ‘ಏನೂ ಇಲ್ಲ ನಿನಗೆ’ ಎಂದಲ್ಲಿಗೆ ನಿಲ್ಲಿಸಿದರೆ, ಇವರು ‘ಎಲ್ಲವೂ ಇದೆ ನಿಮಗೆ’ ಎಂದಲ್ಲಿಂದ ಶುರುಮಾಡುತ್ತಾರೆ. ಡಬ್ಬಿಯಲ್ಲಿ ಪುಡಿ, ಮೂರು ತಿಂಗಳ ಕೋರ್ಸ್, ಕಂತಿನ ಸೌಲಭ್ಯ. ‘ಅಡ್ರಿನಲ್ ಫಟೀಗ್’ ಎಂಬ ಕಾಯಿಲೆಯನ್ನೂ ಪತ್ತೆಹಚ್ಚಿಕೊಡುತ್ತಾರೆ. 1998ರಲ್ಲಿ ಹುಟ್ಟಿದ ಈ ಕಾಯಿಲೆಯನ್ನು ಹಾರ್ಮೋನ್ ತಜ್ಞರ ಸಂಘಗಳು ಇವತ್ತಿಗೂ ಒಪ್ಪಿಲ್ಲ ಎಂಬ ಸಣ್ಣ ತಾಂತ್ರಿಕ ತೊಡಕಿದೆ, ಅಷ್ಟೆ. ಈಸ್ಟ್ರೊಜೆನ್ ಈ ವಯಸ್ಸಿನಲ್ಲಿ ದಿನದಿಂದ ದಿನಕ್ಕೆ ಹೊಯ್ದಾಡುವುದರಿಂದ ಒಂದು ದಿನದ ಮಟ್ಟ ನೋಡಿ ಹೇಳುವಂಥದ್ದು ಹೆಚ್ಚೇನಿಲ್ಲ, ನಲವತ್ತೈದು ದಾಟಿದವರಲ್ಲಿ ಲಕ್ಷಣ ಕೇಳಿಯೇ ನಿರ್ಧರಿಸಬಹುದು. ಆದರೂ ಇವರು ಸಾವಿರಾರು ರೂಪಾಯಿಯ ‘ಫುಲ್ ಪ್ಯಾನೆಲ್’ ಮಾಡಿಸುತ್ತಾರೆ. ಕೂದಲಿಗೆಂದು ಕೊಡುವ ಬಯೋಟಿನ್ ಮಾತ್ರೆಯಂತೂ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಕಾಯಿಲೆ ಇಲ್ಲದವರಿಗೂ ಕಾಯಿಲೆ ಕೊಡುವ ಈ ದಾನಗುಣ ಬೇರೆ ಯಾವ ವ್ಯಾಪಾರದಲ್ಲಿದೆ?

ದೇಶದ ಆರ್ಥಿಕತೆಗೆ ಪದ್ಧತಿಯ ಕೊಡುಗೆಯನ್ನು ಮರೆಯುವಂತಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು, ಅಂಥವರೂ ಇದ್ದಾರೆ, 97 ನಿಮಿಷ. ಸುಸ್ತು ಕಾಯಿಲೆಯೆಂದು ಸಾಬೀತಾದರೆ ಆಕೆಗೆ ವಿಶ್ರಾಂತಿ ಕೊಡಬೇಕಾಗುತ್ತದೆ. ಆಗ ಆ 299ರಲ್ಲಿ ಒಂದಷ್ಟು ಪಾಲು ಸೋಫಾದ ಕಡೆ ವರ್ಗವಾಗುತ್ತದೆ. ವಯಸ್ಸಿಗೆ ಮಾತ್ರ ರಜೆ ಮಂಜೂರಾಗುವುದಿಲ್ಲ.

ಈ ಪವಿತ್ರ ಪರಂಪರೆಗೆ ಅಪಾಯ ತಂದೊಡ್ಡುತ್ತಿರುವ ಕೆಲವು ಡಾಕ್ಟರುಗಳೂ ಇದ್ದಾರೆ. ಇವರು ಹೆಂಗಸರನ್ನು ಕೂರಿಸಿಕೊಂಡು ನಿದ್ದೆ ಹೇಗಿದೆ, ಗೊರಕೆ ಇದೆಯೇ, ತಿಂಗಳಿಗೆ ಸ್ರಾವ ಎಷ್ಟು, ಮನಸ್ಸು ಕುಗ್ಗಿದೆಯೇ ಎಂದು ಕೇಳುತ್ತಾರೆ. ಹಿಮೋಗ್ಲೋಬಿನ್, ಫೆರಿಟಿನ್, ಟಿಎಸ್ಎಚ್, ಸಕ್ಕರೆ, ಬಿ12 ಎಂದು ನಾಲ್ಕೈದು ಸಾಲು ಗೀಚುತ್ತಾರೆ. ಬಿಸಿಯೇರಿ ಬೆವರಿ ನಿದ್ದೆಗೆಟ್ಟವರು ಅರವತ್ತರೊಳಗಿದ್ದು, ಮುಟ್ಟು ನಿಂತು ಹತ್ತು ವರ್ಷವಾಗಿಲ್ಲದಿದ್ದರೆ, ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆಯಂಥ ಅಡ್ಡಿಗಳಿಲ್ಲವೆಂದು ನೋಡಿಕೊಂಡು ಹಾರ್ಮೋನ್ ಚಿಕಿತ್ಸೆಯನ್ನೂ ಕೊಡುತ್ತಾರೆ. ಅಡ್ಡಿಯಿದ್ದವರಿಗೆ ಹಾರ್ಮೋನಿಲ್ಲದ ಔಷಧ ಹುಡುಕುತ್ತಾರೆ. ಭಾರ ಎತ್ತುವ ವ್ಯಾಯಾಮ ಹೇಳಿಕೊಡುತ್ತಾರೆ. ಇವರ ಕೈಗೆ ಸಿಕ್ಕ ಎಷ್ಟೋ ಹೆಂಗಸರು ಮತ್ತೆ ಲವಲವಿಕೆಯಿಂದ ಓಡಾಡುತ್ತ, ಜೋರಾಗಿ ನಗುತ್ತ, ಮನೆಯವರಿಗೆ ಎದುರು ಮಾತಾಡುತ್ತಿದ್ದಾರೆಂಬ ದೂರುಗಳಿವೆ.

ಆದ್ದರಿಂದ ಓದುಗರಲ್ಲಿ ಕಳಕಳಿಯ ವಿನಂತಿ. ನಿಮ್ಮ ಮನೆಯಲ್ಲಿ ನಲವತ್ತು ದಾಟಿದವಳು ವಾರಗಟ್ಟಲೆ ಸುಸ್ತು ಎನ್ನುತ್ತಿದ್ದರೆ, ದಯವಿಟ್ಟು ನಾಳೆ ಬೆಳಿಗ್ಗೆ ನೀವೇ ಕಾಫಿ ಮಾಡಿ, ಆಕೆಯನ್ನು ಕರೆದುಕೊಂಡು ಹೋಗಿ ಆ ನಾಲ್ಕೈದು ರಕ್ತಪರೀಕ್ಷೆ ಮಾಡಿಸಬೇಡಿ. ಮಾಡಿಸಿದರೆ ಕಾರಣ ಸಿಕ್ಕಿಬಿಡುವ ಅಪಾಯವಿದೆ.